ಫ್ರಾನ್ಸಿಸ್ ಬುಕಾನನ್ ಸಾಹೇಬರ ಚರಿತ್ರೆ

ಗುಬ್ಬಿಯ ಸಂತೆಗೆ ಒಮ್ಮೆಯಾದರೂ ಹೋಗಿ ಬಾರದವರು ನಮ್ಮ ಸೀಮೆಯ ಸಭೆಗಳಲ್ಲಿ ವಿರಳ. ಅಡಿಕೆ, ಕೊಬ್ಬರಿ, ಕಂಬಳಿ, ದವಸಧಾನ್ಯಗಳ ವ್ಯಾಪಾರಕ್ಕೆ ಈ ಊರು ಬಹು ಕಾಲದಿಂದ ಹೆಸರಾದದ್ದು. ಇದೇ ಊರಿಗೆ ೧೮೦೦ನೆಯ ಇಸವಿಯ ಮಳೆಗಾಲದಲ್ಲಿ ಪರದೇಶದ ವೈದ್ಯರೊಬ್ಬರು ಬಂದಿಳಿದರು. ಅವರು ಸರಕು ಕೊಳ್ಳಲು ಬಂದವರಲ್ಲ, ಕಂದಾಯ ಎತ್ತಲು ಬಂದವರಲ್ಲ, ಸುವಾರ್ತೆಯನ್ನು ಸಾರಲು ಬಂದವರೂ ಅಲ್ಲ. ವರ್ತಕರನ್ನೂ ರೈತರನ್ನೂ ಕರೆಯಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಕೇಳಿದ್ದನ್ನೆಲ್ಲ ಬರೆದುಕೊಂಡರು, ಮುಂದಿನ ಊರಿಗೆ ಹೊರಟುಹೋದರು. ಇವರೇ ಫ್ರಾನ್ಸಿಸ್ ಬುಕಾನನ್ ಸಾಹೇಬರು. ನಮ್ಮ ಅಜ್ಜನ ಅಜ್ಜಂದಿರು ಏನು ಉಂಡರು, ಏನು ಬಿತ್ತಿದರು, ಯಾರ ಮನೆಯಲ್ಲಿ ದುಡಿದರು ಎಂಬುದನ್ನು ಇಂದು ನಾವು ತಿಳಿಯಬೇಕಾದರೆ ಇವರ ಪುಸ್ತಕವನ್ನು ತೆರೆಯದೆ ಗತಿಯಿಲ್ಲ. ಆದಕಾರಣ ಇವರ ಚರಿತ್ರೆಯನ್ನು ನಮ್ಮ ವಾಚಕರಿಗೆ ಸಂಕ್ಷೇಪವಾಗಿ ತಿಳಿಸಲು ಯತ್ನಿಸುತ್ತೇವೆ.

ಮೊದಲೇ ಒಂದು ಮಾತು. ಕ್ರೈಸ್ತ ಸಭಾಚರಿತ್ರೆಯನ್ನು ಓದಿದವರು ಕ್ಲಾಡಿಯಸ್ ಬುಕಾನನ್ ಎಂಬ ಹೆಸರನ್ನು ಕೇಳಿರಬಹುದು. ಅವರು ಕಲ್ಕತ್ತೆಯಲ್ಲಿ ಕುಂಪಣಿಯ ಪಾದ್ರಿಗಳಾಗಿದ್ದು, ೧೮೦೬ರಲ್ಲಿ ಮಲೆಯಾಳದ ಸುರಿಯಾನಿ ಕ್ರೈಸ್ತರನ್ನು ಕಂಡು ಬಂದವರು. ನಾವು ಇಲ್ಲಿ ಹೇಳುವ ಫ್ರಾನ್ಸಿಸ್ ಬುಕಾನನರು ಬೇರೆಯವರು. ಇಬ್ಬರೂ ಸ್ಕಾಟ್ಲೆಂಡಿನವರೇ, ಇಬ್ಬರೂ ಒಂದೇ ಕಾಲದವರೇ. ಆದರೆ ಒಬ್ಬರ ಕೆಲಸ ವೇದದ್ದು, ಇನ್ನೊಬ್ಬರ ಕೆಲಸ ಲೋಕದ್ದು.

ಇಂಗ್ಲಿಷರು ಈ ದೇಶಕ್ಕೆ ಬಂದ ಬಗೆಯನ್ನು ತಿಳಿಯದೆ ಈ ಚರಿತ್ರೆ ಅರ್ಥವಾಗದು. ೧೬೦೦ನೆಯ ಇಸವಿಯ ಕೊನೆಯ ದಿನ ಎಲಿಜಬೆತ್ ರಾಣಿಯವರು ಲಂಡನ್ ಪಟ್ಟಣದ ಕೆಲವು ವರ್ತಕರಿಗೆ ಪೂರ್ವದೇಶಗಳೊಡನೆ ವ್ಯಾಪಾರ ಮಾಡುವ ಹಕ್ಕುಪತ್ರವನ್ನು ಕೊಟ್ಟರು. ಇದೇ ಈಸ್ಟ್ ಇಂಡಿಯಾ ಕುಂಪಣಿಯ ಹುಟ್ಟು. ಆ ವರ್ತಕರು ಮೆಣಸು, ಬಟ್ಟೆ, ನೀಲಿಗಳಿಗಾಗಿ ಆಫ್ರಿಕಾ ಖಂಡವನ್ನು ಸುತ್ತಿ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದರು. ಮೊದಲು ಸೂರತಿನಲ್ಲಿ ಕೋಠಿಯನ್ನಿಟ್ಟರು. ೧೬೩೯ರಲ್ಲಿ ಚೆನ್ನಪಟ್ಟಣದ ಸಮುದ್ರ ತೀರದಲ್ಲಿ ನೆಲವನ್ನು ಪಡೆದರು. ನಮ್ಮ ಕನ್ನಡ ಕರಾವಳಿಯ ಕಾರವಾರದಲ್ಲಿಯೂ ಆ ಶತಮಾನದಲ್ಲಿಯೇ ಇಂಗ್ಲಿಷ್ ವರ್ತಕರು ಮೆಣಸಿಗಾಗಿ ಮಳಿಗೆಯನ್ನು ಕಟ್ಟಿದರು. ಮೊದಲು ತಕ್ಕಡಿ ಬಂದಿತು; ತಕ್ಕಡಿಯನ್ನು ಕಾಯಲು ಕೋಟೆ ಬಂದಿತು; ಕೋಟೆಯನ್ನು ಕಾಯಲು ದಂಡು ಬಂದಿತು; ದಂಡಿಗೆ ಸಂಬಳ ಕೊಡಲು ಕಂದಾಯ ಬೇಕಾಯಿತು. ಹೀಗೆ ೧೭೫೭ರ ಪ್ಲಾಸಿ ಕದನದ ಅನಂತರ ವರ್ತಕರೇ ದೊರೆಗಳಾದರು. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದಾಗ ಮೈಸೂರು ಸೀಮೆಯೂ ಕುಂಪಣಿಯವರ ಕೈಕೆಳಗಾಯಿತು. ಅವರು ಕನ್ನಡ ಜಿಲ್ಲೆ, ಕೊಯಮುತ್ತೂರು ಮೊದಲಾದ ಪ್ರಾಂತಗಳನ್ನು ತಾವೇ ಇಟ್ಟುಕೊಂಡು, ಉಳಿದ ಸೀಮೆಗೆ ಒಡೆಯರ ವಂಶದ ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿದರು. ಪೂರ್ಣಯ್ಯನವರು ದಿವಾನರಾದರು.

ಗೆದ್ದವರಿಗೆ ಆಗ ಒಂದು ಸಂಗತಿ ಅರಿವಾಯಿತು. ಈ ನೆಲದಲ್ಲಿ ಏನು ಬೆಳೆಯುತ್ತದೆ, ಏನು ನೇಯುತ್ತಾರೆ, ಯಾವ ಗುಡ್ಡದಲ್ಲಿ ಯಾವ ಲೋಹವಿದೆ, ಜನರು ಎಷ್ಟು, ಅವರು ಹೇಗೆ ಬಾಳುತ್ತಾರೆ ಎಂಬುದೊಂದೂ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಮೋಶೆಯು ಕಾನಾನ್ ದೇಶಕ್ಕೆ ಹನ್ನೆರಡು ಮಂದಿಯನ್ನು ಕಳುಹಿಸಿ, ನೆಲವು ಸಾರವುಳ್ಳದ್ದೋ ನಿಸ್ಸಾರವೋ, ಜನರು ಬಲಿಷ್ಠರೋ ದುರ್ಬಲರೋ, ಮರಗಳುಂಟೋ ಇಲ್ಲವೋ ಎಂದು ನೋಡಿ ಬರಲು ಅಪ್ಪಣೆ ಮಾಡಿದ ವೃತ್ತಾಂತವು ನಮಗೆಲ್ಲ ತಿಳಿದದ್ದೇ. ಗವರ್ನರ್ ಜನರಲ್ ವೆಲ್ಲೆಸ್ಲಿ ಪ್ರಭುಗಳು ಕಳುಹಿಸಿದ್ದು ಒಬ್ಬರನ್ನು ಮಾತ್ರ; ಅದೂ ಯುದ್ಧ ಮುಗಿದ ಮೇಲೆ. ಆ ಒಬ್ಬರೇ ಬುಕಾನನ್ ಸಾಹೇಬರು.

ಇವರು ೧೭೬೨ನೆಯ ಫೆಬ್ರವರಿ ೧೫ರಂದು ಸ್ಕಾಟ್ಲೆಂಡಿನ ಪರ್ತ್ ಸೀಮೆಯಲ್ಲಿ ಕ್ಯಾಲಂಡರ್ ಎಂಬ ಊರಿನ ಬಳಿ ಹುಟ್ಟಿದರು. ತಂದೆ ತಾಮಸ್ ಬುಕಾನನರು ವೈದ್ಯರು. ತಾಯಿ ಎಲಿಜಬೆತ್ ಹ್ಯಾಮಿಲ್ಟನ್. ಅದು ಬೆಟ್ಟಗಳೂ ಕೆರೆಗಳೂ ಉಳ್ಳ ಸೀಮೆ. ಹಿರಿಯ ಅಣ್ಣಂದಿರಿದ್ದ ಮನೆಯಾದ್ದರಿಂದ ತಂದೆಯ ಆಸ್ತಿಯು ತಮ್ಮ ಪಾಲಿಗೆ ಬರುವಂತಿರಲಿಲ್ಲ. ಕೈಗೊಂದು ವೃತ್ತಿ ಬೇಕಾಗಿದ್ದಿತು. ಗ್ಲಾಸ್ಗೋ ನಗರದಲ್ಲಿ ಓದಿ, ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸೇರಿ ೧೭೮೩ರಲ್ಲಿ ವೈದ್ಯ ಪದವಿಯನ್ನು ಪಡೆದರು. ಅಲ್ಲಿ ಜಾನ್ ಹೋಪ್ ಎಂಬ ಪಂಡಿತರಿಂದ ಸಸ್ಯಶಾಸ್ತ್ರವನ್ನು ಕಲಿತರು. ಒಂದು ಗಿಡವನ್ನು ಕಂಡರೆ ಅದರ ಬೇರು, ಎಲೆ, ಹೂ, ಬೀಜಗಳನ್ನು ಬೇರೆ ಬೇರೆಯಾಗಿ ನೋಡಿ, ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂಬ ಪಾಠವು ಇವರಿಗೆ ಅಲ್ಲಿ ದೊರೆಯಿತು. ಮುಂದೆ ಮನುಷ್ಯರ ವಿಷಯದಲ್ಲಿಯೂ ಇವರು ಇದೇ ಕ್ರಮವನ್ನು ಅನುಸರಿಸಿದರು. ಇದೇ ಇವರ ಗುಣವೂ ಹೌದು, ಇವರ ಕೊರತೆಯೂ ಹೌದು ಎಂಬುದನ್ನು ವಾಚಕರು ಮುಂದೆ ಕಾಣುವರು.

ಪದವಿಯಾದ ಮೇಲೆ ಇವರು ಹಡಗಿನ ವೈದ್ಯರಾಗಿ ಪೂರ್ವದೇಶಗಳಿಗೆ ಕೆಲವು ಸಾರಿ ಯಾನ ಮಾಡಿದರು. ೧೭೯೪ರಲ್ಲಿ ಬಂಗಾಳದಲ್ಲಿ ಕುಂಪಣಿಯ ವೈದ್ಯರ ಕೆಲಸಕ್ಕೆ ಸೇರಿದರು. ಮರುವರ್ಷವೇ ಬರ್ಮಾ ದೇಶದ ಅರಸನ ಬಳಿಗೆ ಹೊರಟ ರಾಯಭಾರದೊಡನೆ ಇವರನ್ನು ಕಳುಹಿಸಿದರು. ೧೭೯೮ರಲ್ಲಿ ಚಿತ್ತಗಾಂಗಿನ ಬೆಟ್ಟಗಾಡಿನಲ್ಲಿ ಸಂಬಾರ ಪದಾರ್ಥಗಳ ತೋಟ ಮಾಡಲು ತಕ್ಕ ಸ್ಥಳವಿದೆಯೋ ಎಂದು ನೋಡಿ ಬರಲು ಕಳುಹಿಸಿದರು. ನೋಡುವ ಕಣ್ಣು, ನಡೆಯುವ ಕಾಲು, ಬರೆಯುವ ಕೈ ಈ ಮೂರೂ ಇವರಿಗೆ ಉಂಟೆಂದು ಮೇಲಿನವರಿಗೆ ತಿಳಿದುಬಂದಿತು. ಹೀಗಿರಲಾಗಿ ೧೮೦೦ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ನೋಡಿ ವರದಿ ಮಾಡಬೇಕೆಂದು ವೆಲ್ಲೆಸ್ಲಿ ಪ್ರಭುಗಳ ಅಪ್ಪಣೆಯಾಯಿತು. ಮೊದಲು ವ್ಯವಸಾಯವನ್ನು ನೋಡಬೇಕು. ಅನಂತರ ದನಕರುಗಳು, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿಗಳು, ನೇಯ್ಗೆ, ಹವೆ, ಜನರ ಸ್ಥಿತಿ, ಆಚಾರ, ಮತ, ಪ್ರಾಚೀನ ಶಾಸನಗಳು, ಎಲ್ಲವನ್ನೂ ವಿಚಾರಿಸಬೇಕು.

೧೮೦೦ನೆಯ ಏಪ್ರಿಲ್ ೨೩ರಂದು ಬುಕಾನನರು ಚೆನ್ನಪಟ್ಟಣದಿಂದ ಹೊರಟರು. ಅವರಿಗೆ ಆಗ ಮೂವತ್ತೆಂಟು ವರ್ಷ. ರೈಲಿಲ್ಲ, ಒಳ್ಳೆಯ ರಸ್ತೆಯಿಲ್ಲ, ಯುದ್ಧದಿಂದ ಹಾಳಾದ ಸೀಮೆ. ಕೋಲಾರ, ಬೆಂಗಳೂರುಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದು ಪೂರ್ಣಯ್ಯನವರನ್ನು ಕಂಡು ಅವರ ನೆರವನ್ನು ಪಡೆದರು. ಇವರು ಕನ್ನಡವನ್ನು ಬಲ್ಲವರಲ್ಲ. ದುಭಾಷಿಯ ಮೂಲಕವೇ ಮಾತು. ಹಗಲು ದಾರಿ ನಡೆಯುವರು. ಊರು ಮುಟ್ಟಿದೊಡನೆ ಗೌಡ, ಶ್ಯಾನುಭೋಗ, ನೇಕಾರ, ಕಮ್ಮಾರ, ವರ್ತಕ, ಕುರುಬ ಮೊದಲಾದವರನ್ನು ಕರೆಯಿಸಿ ವಿಚಾರಿಸುವರು. ಆ ದಿನದ ವಿಷಯವನ್ನು ಆ ದಿನವೇ ಬರೆದಿಡುವರು. ಸೇರು, ಕೊಳಗ, ಖಂಡುಗಗಳು ಊರಿಂದೂರಿಗೆ ಬೇರೆಯಾಗಿದ್ದುದರಿಂದ ಅವುಗಳ ಪ್ರಮಾಣವನ್ನು ಪರೀಕ್ಷಿಸಿ ನೋಡುವರು. ಜನರು ಅನೇಕ ಸಲ ನಿಜವನ್ನು ಮರೆಮಾಡಿದರು. ಸರಕಾರದವನು ಕಾಗದ ಹಿಡಿದು ಬಂದನೆಂದರೆ ಹೊಸ ತೆರಿಗೆಯೊಂದು ಅವನ ಬೆನ್ನಿಗೇ ಬರುವುದೆಂಬ ಭಯವು ರೈತನಿಗೆ ಅಂದೂ ಇದ್ದಿತು. ಬುಕಾನನರು ಇದನ್ನು ತಿಳಿದೇ ಒಬ್ಬನು ಹೇಳಿದ್ದನ್ನು ಇನ್ನೊಬ್ಬನಿಂದ ಕೇಳಿ ತಾಳೆ ನೋಡುತ್ತಿದ್ದರು.

ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹಿಂದಿರುಗಿ, ದೊಡ್ಡಬಳ್ಳಾಪುರದ ಮೇಲೆ ಇವರು ನಮ್ಮ ತುಮಕೂರು ಸೀಮೆಯ ಉತ್ತರ ಭಾಗಕ್ಕೆ ಬಂದರು. ಮಧುಗಿರಿ, ಚನ್ನರಾಯನದುರ್ಗಗಳ ಸುತ್ತಿನಲ್ಲಿ ಮಳೆಯ ನೀರು ಬೆಟ್ಟದಿಂದ ಕೊಚ್ಚಿ ತಂದ ಕರಿ ಮರಳನ್ನು ತೊಳೆದು, ಇದ್ದಲಿನ ಬೆಂಕಿಯಲ್ಲಿ ಕಾಯಿಸಿ, ಚರ್ಮದ ತಿದಿಗಳನ್ನೊತ್ತಿ ಕಬ್ಬಿಣ ತೆಗೆಯುವುದನ್ನು ವಿವರವಾಗಿ ಬರೆದರು. ಆ ಕಬ್ಬಿಣವನ್ನು ತಂಗಡಿ ಕಟ್ಟಿಗೆಯೊಡನೆ ಚಿಕ್ಕ ಮಣ್ಣಿನ ಮೂಸೆಗಳಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಆ ಉಕ್ಕಿನ ಕುಲುಮೆಗಳು ಆರಿ ಬಹು ಕಾಲವಾಯಿತು. ಅಲ್ಲಿ ಕೆಲಸ ಮಾಡಿದವರ ಕೈಚಳಕಕ್ಕೆ ಇಂದು ಸಾಕ್ಷಿ ಹೇಳುವ ಬರಹಗಳಲ್ಲಿ ಬುಕಾನನರದು ಮುಖ್ಯವಾದುದು.

ಶಿರಾ ಪಟ್ಟಣವು ಒಂದು ಕಾಲದಲ್ಲಿ ಮೊಗಲರ ಸುಬೇದಾರರ ರಾಜಧಾನಿಯಾಗಿ ಮೆರೆದದ್ದು. ಬುಕಾನನರು ಅಲ್ಲಿಗೆ ಬಂದಾಗ ಅದರ ವೈಭವವು ಅಳಿದಿದ್ದಿತು. ಟಿಪ್ಪುವಿನ ಕಾಲದಲ್ಲಿ ಅಲ್ಲಿಯ ಬಹಳ ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದ್ದರು. ಅದಲ್ಲದೆ ೧೭೯೧-೯೨ರ ಯುದ್ಧದಲ್ಲಿ ಪರಶುರಾಮ ಭಾವೂವಿನ ಮರಾಠಾ ದಂಡು ಈ ಸೀಮೆಯನ್ನು ತುಳಿದುಹೋಗಿದ್ದಿತು. ಆ ದಂಡು ಇಂಗ್ಲಿಷರ ಸ್ನೇಹಪಕ್ಷದ್ದು ಎಂಬುದನ್ನು ನಾವು ಮರೆಯಬಾರದು. ಶಿರಾದಿಂದ ಗುಬ್ಬಿಗೆ ಬರುವ ದಾರಿಯಲ್ಲಿ ಮೂಗನಾಯಕನಕೋಟೆ ಸಿಕ್ಕಿತು. ಅಲ್ಲಿಯ ರೈತರು ಆ ಯುದ್ಧಕಾಲದಲ್ಲಿ ತಮ್ಮ ಮಣ್ಣಿನ ಕೋಟೆಯೊಳಗೆ ನಿಂತು ಮರಾಠರನ್ನು ತಡೆದು ಊರನ್ನು ಉಳಿಸಿಕೊಂಡಿದ್ದರು. ಅವರಿಗೆ ಬಿರುದು ಕೊಟ್ಟ ಅರಸನಿಲ್ಲ, ಅವರ ಮೇಲೆ ಪದ ಕಟ್ಟಿದ ಕವಿಯನ್ನೂ ನಾವು ಕೇಳಿಲ್ಲ. ಗೆದ್ದ ಪಕ್ಷದ ವೈದ್ಯರೊಬ್ಬರು ಅವರ ಧೈರ್ಯವನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟರು.

ಗುಬ್ಬಿಯಲ್ಲಿ ಇವರು ಕಂಡದ್ದು ವ್ಯಾಪಾರದ ಊರು. ಸುತ್ತಣ ತೋಟಗಳ ಅಡಿಕೆ ಮತ್ತು ಕೊಬ್ಬರಿ, ಮಲೆನಾಡಿನಿಂದ ಇಳಿದು ಬರುವ ಸರಕು, ಹತ್ತಿಯ ಬಟ್ಟೆ, ಕಂಬಳಿ, ಇವೆಲ್ಲ ಇಲ್ಲಿ ಕೈ ಬದಲಾಗುತ್ತಿದ್ದವು. ಎತ್ತುಗಳ ಮೇಲೆ ಹೇರು ಹೊರಿಸಿಕೊಂಡು ವರ್ತಕರು ಘಟ್ಟದ ಕೆಳಗಣ ಪೇಟೆಗಳಿಗೂ ಹೋಗಿ ಬರುತ್ತಿದ್ದರು. ಯುದ್ಧ ಬಂದು ಹೋದರೂ ಅರಸು ಬದಲಾದರೂ ವಾರದ ಸಂತೆ ನಿಲ್ಲಲಿಲ್ಲ. ಅಲ್ಲಿಂದ ಬುಕಾನನರು ತುರುವೇಕೆರೆಯ ಕಡೆಗೆ ನಡೆದು, ಬೆಳ್ಳೂರು, ನಾಗಮಂಗಲ, ಮೇಲುಕೋಟೆಗಳ ಮಾರ್ಗವಾಗಿ ಮರಳಿ ಶ್ರೀರಂಗಪಟ್ಟಣವನ್ನು ಸೇರಿದರು. ತೆಂಗಿನ ಸಸಿಯನ್ನು ಎಷ್ಟು ದೂರಕ್ಕೆ ನೆಡುತ್ತಾರೆ, ಅಡಿಕೆಯ ತೋಟಕ್ಕೆ ನೀರು ಹೇಗೆ ಹಾಯಿಸುತ್ತಾರೆ, ರಾಗಿಯ ಹೊಲವನ್ನು ಎಷ್ಟು ಸಾಲು ಉಳುತ್ತಾರೆ, ಎಂಬಿವನ್ನೆಲ್ಲ ಇವರು ಬರೆದಿರುವ ರೀತಿಯನ್ನು ನೋಡಿದರೆ, ನಮ್ಮಲ್ಲಿಯ ಹಿರಿಯ ರೈತನೊಬ್ಬನ ಪಕ್ಕದಲ್ಲಿ ಕುಳಿತು ಕೇಳಿದವರಂತೆ ತೋರುತ್ತದೆ.

ಇವರ ಬರಹಗಳಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಹಿಡಿಯುವುದು ಕಣದ ರಾಶಿಯ ವಿಷಯ. ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿಯಾದಾಗ ರೈತನು ರಾಶಿಯನ್ನು ಮನೆಗೆ ಒಯ್ಯುವ ಮೊದಲು ಯಾರು ಯಾರಿಗೆ ಎಷ್ಟೆಷ್ಟು ಅಳೆದು ಕೊಡಬೇಕೆಂಬುದನ್ನು ಇವರು ಕ್ರಮವಾಗಿ ಬರೆದಿದ್ದಾರೆ. ದೇವರ ಪಾಲು, ಜೋಯಿಸರ ಪಾಲು, ಗೌಡ ಶ್ಯಾನುಭೋಗರ ಪಾಲು, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕರ ಪಾಲು, ತಳವಾರನ ಪಾಲು, ತೋಟಿಯ ಪಾಲು, ಕೆರೆಯ ನೀರನ್ನು ಬಿಡುವ ನೀರುಗಂಟಿಯ ಪಾಲು, ಆ ಮೇಲೆ ಸರಕಾರದ ಪಾಲು. ಪ್ರಿಯರೇ, ಈ ತೋಟಿಗಳೂ ನೀರುಗಂಟಿಗಳೂ ಯಾರು? ನಮ್ಮ ಸಭೆಗಳ ಅನೇಕ ಕುಟುಂಬಗಳ ಪೂರ್ವಿಕರೇ ಅಲ್ಲವೇ? ಊರ ಹೊರಗೆ ಕೇರಿಯಲ್ಲಿದ್ದು, ಗುಡಿಯೊಳಗೆ ಕಾಲಿಡಲು ಅಪ್ಪಣೆಯಿಲ್ಲದೆ, ಬಾವಿಯ ನೀರನ್ನು ಮುಟ್ಟಲಾರದೆ ಬಾಳಿದ ನಮ್ಮ ಹಿರಿಯರು ಅರಸರ ಶಾಸನಗಳಲ್ಲಿ ಕಾಣುವುದು ಅಪರೂಪ. ಬುಕಾನನರ ಪುಸ್ತಕದಲ್ಲಿಯಾದರೋ ಅವರಿದ್ದಾರೆ. ಬಲಗೈ ಎಡಗೈ ಎಂಬ ಪಂಗಡಗಳಲ್ಲಿ ಅವರ ಸ್ಥಾನವೇನು, ಅವರ ಮದುವೆಯ ಪದ್ಧತಿಯೇನು, ಅವರು ಯಾವ ದೇವತೆಗೆ ನಡೆದುಕೊಳ್ಳುತ್ತಿದ್ದರು, ಜೀತದಾಳಿಗೆ ವರ್ಷಕ್ಕೆ ಧಾನ್ಯವೆಷ್ಟು ಹಣವೆಷ್ಟು ಎಂಬುದು ಅಲ್ಲಿದೆ. ಹೆಸರುಗಳಿಲ್ಲ, ಲೆಕ್ಕವುಂಟು.

ಅನಂತರ ಇವರು ಕಾವೇರಿಯ ದಕ್ಷಿಣ ಸೀಮೆಯನ್ನೂ ಕೊಯಮುತ್ತೂರನ್ನೂ ನೋಡಿ, ಪಾಲಘಾಟಿನ ಮಾರ್ಗವಾಗಿ ಮಲಬಾರಿಗೆ ಇಳಿದರು. ಅಲ್ಲಿ ಇವರು ಕಂಡದ್ದು ಇನ್ನೂ ಘೋರವಾದುದು. ಗದ್ದೆಯಲ್ಲಿ ದುಡಿಯುವ ಚೆರುಮರೆಂಬ ಜನರು ಒಡೆಯನ ಸ್ವತ್ತಾಗಿದ್ದರು. ಅವರನ್ನು ಎತ್ತು ಎಮ್ಮೆಗಳಂತೆ ಮಾರಬಹುದು, ಅಡವಿಡಬಹುದು, ಬಾಡಿಗೆಗೆ ಕೊಡಬಹುದು. ಮೂರಕ್ಕೂ ಬೇರೆ ಬೇರೆ ಕಟ್ಟಳೆಗಳಿದ್ದವು. ಬಾಡಿಗೆಗೆ ಪಡೆದವನು ಇವರ ಪ್ರಾಣದ ಚಿಂತೆಯಿಲ್ಲದೆ ದುಡಿಸುತ್ತಿದ್ದುದರಿಂದ ಆ ಬಗೆಯ ಆಳುಗಳ ಪಾಡು ಎಲ್ಲಕ್ಕಿಂತಲೂ ಕನಿಷ್ಠವಾಗಿದ್ದಿತು. ಅಂಜರಕಂಡಿಯಲ್ಲಿ ಕುಂಪಣಿಯೇ ಆರಂಭಿಸಿದ ಸಂಬಾರ ತೋಟದಲ್ಲಿಯೂ ಇಂಥವರು ದುಡಿದರು. ೧೮೦೧ರ ಆರಂಭದಲ್ಲಿ ಮಂಗಳೂರಿನ ಸೀಮೆಗೆ ಬಂದಾಗ ಅಲ್ಲಿಯೂ ಮೂಲದಾಳುಗಳೆಂಬ ವಂಶಪಾರಂಪರ್ಯದ ಗುಲಾಮರನ್ನು ಕಂಡರು. ಇವೆಲ್ಲವನ್ನೂ ಬುಕಾನನರು ಮುಚ್ಚಿಡದೆ ಬರೆದರು. ಆ ಜನರ ಕುಗ್ಗಿದ ದೇಹವನ್ನೂ ಹೊಟ್ಟೆಗಿಲ್ಲದ ಬಾಳನ್ನೂ ಕಂಡು ಮರುಗಿದರು. ಕುಂಪಣಿಯವರಿಗೆ ಇದು ರುಚಿಸುವುದೋ ಇಲ್ಲವೋ ಎಂದು ಅಂಜಲಿಲ್ಲ.

ಆದರೆ ಬರೆದರು, ಮುಂದಿನ ಊರಿಗೆ ಹೋದರು. ಅಷ್ಟೇ. ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಬುಕಾನನರು ದುಷ್ಟರಲ್ಲ, ಕಂಡ ಸತ್ಯವನ್ನು ಮಾರಿಕೊಂಡವರಲ್ಲ. ಆದರೂ ಅವರನ್ನು ಕಳುಹಿಸಿದವರಿಗೆ ಬೇಕಾಗಿದ್ದುದು ನೆಲದ ಬೆಲೆ. ನೆಲದ ಮೇಲಿನ ಜನರ ಬಿಡುಗಡೆಯಲ್ಲ. ಅವರ ಬರಹದಲ್ಲಿ ಗೆದ್ದವರ ಗರ್ವವೂ ಅಲ್ಲಲ್ಲಿ ಕಾಣುತ್ತದೆ. ಬ್ರಾಹ್ಮಣರ ವಿಷಯದಲ್ಲಿ ಕಟುವಾಗಿಯೂ ಟಿಪ್ಪುವಿನ ವಿಷಯದಲ್ಲಿ ಒಂದೇ ಪಕ್ಷವಾಗಿಯೂ ಬರೆದದ್ದುಂಟು; ಭಾಷೆಯನ್ನರಿಯದೆ ಆತುರದಿಂದ ತೀರ್ಪು ಕೊಟ್ಟದ್ದೂ ಉಂಟು. ದಾವೀದ ಅರಸನು ತನ್ನ ಪ್ರಜೆಗಳನ್ನು ಎಣಿಸಿದ್ದು ದೇವರಿಗೆ ಮೆಚ್ಚಿಗೆಯಾಗಲಿಲ್ಲವೆಂದು ನಾವು ಓದುತ್ತೇವೆ. ಎಣಿಕೆಯಲ್ಲಿ ದೋಷವಿಲ್ಲ, ಎಣಿಸುವವನ ಉದ್ದೇಶದಲ್ಲಿ ದೋಷವಿರಬಹುದು. ಒಳ್ಳೆಯ ಕುರುಬನಾದರೋ ಕುರಿಗಳನ್ನು ಎಣಿಸುವುದು ತಪ್ಪಿಹೋದ ಒಂದನ್ನು ಹುಡುಕುವುದಕ್ಕಾಗಿ. ಅವನು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನೆ.

ಮಂಗಳೂರಿನಿಂದ ಇವರು ಕರಾವಳಿಯ ಉದ್ದಕ್ಕೂ ಕಾರವಾರದವರೆಗೆ ಹೋಗಿ, ಘಟ್ಟವನ್ನು ಹತ್ತಿ, ಸೋಂದೆ, ಬನವಾಸಿ, ನಗರ, ಶಿವಮೊಗ್ಗ, ಹರಿಹರ, ಚಿತ್ರದುರ್ಗಗಳನ್ನು ಕಂಡು, ಶ್ರೀರಂಗಪಟ್ಟಣದ ಮೇಲೆ ೧೮೦೧ರ ನಡುಬೇಸಿಗೆಯ ಅನಂತರ ಚೆನ್ನಪಟ್ಟಣಕ್ಕೆ ಮರಳಿದರು. ಒಂದು ವರ್ಷಕ್ಕೂ ಮೇಲ್ಪಟ್ಟ ಪ್ರಯಾಣ. ಆ ದಿನಚರಿಯನ್ನು ಕುಂಪಣಿಯ ಡೈರೆಕ್ಟರುಗಳು ೧೮೦೭ರಲ್ಲಿ ಲಂಡನಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಅಚ್ಚು ಹಾಕಿಸಿದರು. ದಿನ ದಿನ ಬರೆದದ್ದು ಬರೆದಂತೆಯೇ ಅಚ್ಚಾದದ್ದರಿಂದ ಓದುವವರಿಗೆ ಅದು ಕಠಿನವೆಂದು ಅಂದಿನವರು ದೂರಿದರು. ನಮಗಾದರೋ ಅದೇ ಲಾಭವಾಯಿತು. ಒಪ್ಪ ಮಾಡಲು ಹೋಗಿ ತೋಟಿಯ ಪಾಲನ್ನು ಯಾರೂ ಬಿಟ್ಟುಬಿಡಲಿಲ್ಲ.

ಬುಕಾನನರ ಉಳಿದ ಬಾಳೂ ದುಡಿಮೆಯದೇ. ೧೮೦೨-೦೩ರಲ್ಲಿ ನೇಪಾಳಕ್ಕೆ ಹೋದ ರಾಯಭಾರದಲ್ಲಿದ್ದರು. ಅನಂತರ ವೆಲ್ಲೆಸ್ಲಿ ಪ್ರಭುಗಳ ವೈದ್ಯರಾಗಿದ್ದು, ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ ಮೃಗ ಪಕ್ಷಿಗಳ ಶಾಲೆಯನ್ನು ನೋಡಿಕೊಂಡರು. ೧೮೦೭ರಿಂದ ೧೮೧೪ರವರೆಗೆ ಏಳು ವರ್ಷ ಬಂಗಾಳ ಬಿಹಾರಗಳ ಜಿಲ್ಲೆಗಳನ್ನು ಒಂದೊಂದಾಗಿ ಸುತ್ತಿ, ಮೈಸೂರಿನಲ್ಲಿ ಮಾಡಿದ್ದಕ್ಕಿಂತಲೂ ವಿಸ್ತಾರವಾಗಿ ಬರೆದರು. ಗಂಗಾನದಿಯ ಮೀನುಗಳನ್ನೂ, ಗಿಡಗಳನ್ನೂ, ಪ್ರಾಣಿಗಳನ್ನೂ ಚಿತ್ರಕಾರರಿಂದ ಬರೆಸಿದರು. ೧೮೧೪ರಲ್ಲಿ ಕಲ್ಕತ್ತೆಯ ಸಸ್ಯತೋಟದ ಮೇಲ್ವಿಚಾರಕರಾದರು. ಆದರೆ ದೇಹದ ಬಲವು ಕುಂದಿದ್ದಿತು. ಮರುವರ್ಷ ಸ್ವದೇಶಕ್ಕೆ ಹೊರಟು ನಿಂತಾಗ, ಆಗಿನ ಗವರ್ನರ್ ಜನರಲ್ಲರು ಆ ಚಿತ್ರಗಳು ಕುಂಪಣಿಯ ಸ್ವತ್ತೆಂದು ಹೇಳಿ ಅವನ್ನು ಇವರಿಂದ ತೆಗೆದಿರಿಸಿಕೊಂಡರು. ವರ್ಷಗಟ್ಟಲೆ ಕೂಡಿಸಿದ್ದನ್ನು ಬಿಟ್ಟು ಇವರು ಹಡಗು ಹತ್ತಬೇಕಾಯಿತು. ಜನರ ಸ್ವತ್ತನ್ನು ಕುಂಪಣಿಗಾಗಿ ಲೆಕ್ಕ ಮಾಡಿ ಕೊಟ್ಟವರು, ತಮ್ಮ ಕೈಕೆಲಸವೇ ಕುಂಪಣಿಯ ಲೆಕ್ಕಕ್ಕೆ ಸೇರಿದಾಗ ಏನೂ ಮಾಡಲಾರದೆ ಹೋದರು.

ಸ್ವದೇಶಕ್ಕೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದದ್ದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದರು. ಕ್ಯಾಲಂಡರಿನ ಬಳಿಯ ಲೆನಿ ಎಂಬಲ್ಲಿ ನೆಲೆಸಿ, ೧೮೧೯ರಲ್ಲಿ ನೇಪಾಳದ ವಿಷಯವಾಗಿಯೂ ೧೮೨೨ರಲ್ಲಿ ಗಂಗಾನದಿಯ ಮೀನುಗಳ ವಿಷಯವಾಗಿಯೂ ಪುಸ್ತಕಗಳನ್ನು ಪ್ರಕಟಿಸಿದರು. ೧೮೨೯ನೆಯ ಜೂನ್ ೧೫ರಂದು ತೀರಿಕೊಂಡರು. ಬಂಗಾಳದ ಏಳು ವರ್ಷಗಳ ಮಹಾಬರಹವು ಅವರ ಜೀವಮಾನದಲ್ಲಿ ಅಚ್ಚಾಗಲಿಲ್ಲ. ೧೮೩೮ರಲ್ಲಿ ಮಾಂಟ್ಗೊಮರಿ ಮಾರ್ಟಿನ್ ಎಂಬವರು ಅದನ್ನು ಕತ್ತರಿಸಿ ಕಿರಿದು ಮಾಡಿ ಮೂರು ಸಂಪುಟಗಳಾಗಿ ಹೊರಡಿಸಿದರು. ಅದರ ಮುಖಪುಟದಲ್ಲಿ ಬುಕಾನನರ ಹೆಸರೇ ಇರಲಿಲ್ಲ. ಸಾವಿರಾರು ಜನರನ್ನು ಹೆಸರಿಲ್ಲದೆ ಲೆಕ್ಕಕ್ಕೆ ತಂದವರ ಹೆಸರೇ ಅವರ ಪುಸ್ತಕದಿಂದ ಹೀಗೆ ಬಿಟ್ಟುಹೋಯಿತು. ಮುಂದಿನ ವಿದ್ವಾಂಸರು ಅವರ ಮೂಲ ಬರಹಗಳನ್ನು ಅವರ ಹೆಸರಿನಲ್ಲಿಯೇ ಪ್ರಕಟಿಸಿ ಆ ಅನ್ಯಾಯವನ್ನು ಸರಿಪಡಿಸಿದರು.

ಇವರು ಬಿತ್ತಿದ್ದರ ಫಲವು ಇವರು ನೆನಸದ ಕಡೆಗಳಲ್ಲಿ ದೊರೆಯಿತು. ಹಿಂದೂದೇಶದ ಗುಲಾಮಗಿರಿಯನ್ನು ತೊಲಗಿಸಬೇಕೆಂದು ವಾದಿಸಿದ ಮಹನೀಯರು ಮಲಬಾರಿನ ಚೆರುಮರ ವಿಷಯವಾಗಿ ಬುಕಾನನರ ಪುಟಗಳನ್ನೇ ಸಾಕ್ಷಿಯಾಗಿ ಮುಂದಿಟ್ಟರು. ೧೮೪೩ರ ಐದನೆಯ ಕಾಯಿದೆಯು ಗುಲಾಮರ ಮೇಲೆ ಒಡೆಯರಿಗಿದ್ದ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದು ವಿಧಿಸಿತು. ಜೀತವು ಅದರಿಂದ ಒಮ್ಮೆಗೇ ಹೋಗಲಿಲ್ಲವೆಂಬುದು ನಮಗೆ ಗೊತ್ತು. ಆದರೂ ಬೀಗಕ್ಕೆ ಮೊದಲ ಪೆಟ್ಟು ಬಿದ್ದಿತು. ಪೆಟ್ಟು ಹಾಕಿದವರ ಕೈಗೆ ಸುತ್ತಿಗೆಯನ್ನು ಒದಗಿಸಿದವರಲ್ಲಿ ಈ ವೈದ್ಯರೂ ಒಬ್ಬರು.

ಬುಕಾನನರು ಗುಬ್ಬಿಯಲ್ಲಿದ್ದ ಆ ೧೮೦೦ನೆಯ ಇಸವಿಯಲ್ಲಿಯೇ ವಿಲಿಯಂ ಕೇರಿ ಅಯ್ಯನವರು ಕುಂಪಣಿಯ ಸೀಮೆಯಲ್ಲಿ ಮಿಷನ್ ಕೆಲಸಕ್ಕೆ ಎಡೆಯಿಲ್ಲದೆ ಡೇನರ ಅಧೀನದ ಸೆರಾಂಪುರದಲ್ಲಿ ನೆಲೆಸಿದರು ಎಂಬುದನ್ನು ನಾವು ಜ್ಞಾಪಿಸಿಕೊಳ್ಳಬೇಕು. ನೆಲವನ್ನು ಅಳೆಯುವವರಿಗೆ ಅಪ್ಪಣೆಯಿತ್ತು, ವಾಕ್ಯವನ್ನು ಸಾರುವವರಿಗೆ ಇರಲಿಲ್ಲ. ಸುವಾರ್ತೆಯು ಕುಂಪಣಿಯ ತೋಳು ಹಿಡಿದು ಬಂದಿತೆಂದು ಹೇಳುವವರು ಇದನ್ನು ಆಲೋಚಿಸಲಿ. ೧೮೧೩ರಲ್ಲಿ ಪಾರ್ಲಿಮೆಂಟು ಕುಂಪಣಿಯ ಹಕ್ಕುಪತ್ರವನ್ನು ತಿದ್ದಿದ ಮೇಲೆಯೇ ಆ ಬಾಗಿಲು ತೆರೆಯಿತು. ೧೮೩೭ರಲ್ಲಿ ವೆಸ್ಲಿಯನ್ ಮಿಷನಿನ ತಾಮಸ್ ಹಾಡ್ಸನ್ ಅಯ್ಯನವರು ಗುಬ್ಬಿಯಲ್ಲಿ ಬಂದು ನೆಲೆಸಿದರು. ೧೮೩೯ರಲ್ಲಿ ವಿಲಿಯಂ ಆರ್ಥರ್ ಅಯ್ಯನವರು ಬಂದು ಅವರನ್ನು ಕೂಡಿಕೊಂಡರು. ಮುಂದೆ ತುಮಕೂರು, ಕುಣಿಗಲುಗಳಲ್ಲಿಯೂ ಕೆಲಸ ಬೇರೂರಿತು. ಬುಕಾನನರು ಬಂದು ಹೋಗಿ ಮೂವತ್ತೇಳು ವರ್ಷಗಳಾದ ಮೇಲೆ ಅದೇ ಸಂತೆಯ ಊರಿಗೆ ಬಂದ ಇವರು ದುಭಾಷಿಯನ್ನು ನೆಚ್ಚಲಿಲ್ಲ. ತಾವೇ ಕನ್ನಡವನ್ನು ಕಲಿತರು. ಹಾಡ್ಸನ್ ಅಯ್ಯನವರು ಕನ್ನಡಕ್ಕೆ ವ್ಯಾಕರಣವನ್ನೇ ಬರೆದರು. ಹಿಂದಿನವರು ಎಷ್ಟು ಮನೆ, ಎಷ್ಟು ಅಂಗಡಿ ಎಂದು ಕೇಳಿದರು. ಇವರು ನಿನ್ನ ಹೆಸರೇನು ಎಂದು ಕೇಳಿದರು. ಜ್ಞಾನಸ್ನಾನದ ದಿನ ನಮ್ಮ ಹಿರಿಯರ ಹೆಸರುಗಳು ಸಭೆಯ ದಫ್ತರಿನಲ್ಲಿ ಒಂದೊಂದಾಗಿ ಬರೆಯಲ್ಪಟ್ಟವು. ಅನೇಕ ಮನೆಗಳಿಗೆ ಅದೇ ಮೊದಲನೆಯ ಬರಹ.

ಆದರೆ ಇದರಿಂದ ನಾವು ಬುಕಾನನರನ್ನು ಕಡೆಗಣಿಸಲಾಗದು. ದೇಹವು ದಣಿದಿದ್ದರೂ, ಹೇಳುವವರು ಮರೆಮಾಚಿದರೂ, ಮೆಚ್ಚುವವರಿಲ್ಲದಿದ್ದರೂ, ಆ ದಿನದ ಸತ್ಯವನ್ನು ಆ ದಿನವೇ ಬರೆದಿಡುವ ನಂಬಿಗಸ್ತಿಕೆಯು ಅವರಲ್ಲಿದ್ದಿತು. ನಮ್ಮ ಸಭೆಗಳಲ್ಲಿ ಆ ನಂಬಿಗಸ್ತಿಕೆ ಉಂಟೋ ಎಂದು ನಾವೇ ಕೇಳಿಕೊಳ್ಳೋಣ. ಹಳೆಯ ದಫ್ತರುಗಳನ್ನು ಗೆದ್ದಲು ತಿನ್ನಲು ಬಿಟ್ಟಿರುವ ಸಭೆಗಳಿವೆ. ಕೇರಿಯ ಮೊದಲನೆಯ ಕ್ರೈಸ್ತನು ಯಾರು, ಗುಡಿಸಲಿನಲ್ಲಿ ಮೊದಲ ಪ್ರಾರ್ಥನೆ ನಡೆಸಿದ ತಾಯಿ ಯಾರು ಎಂಬುದನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಪರದೇಶದ ವೈದ್ಯರೊಬ್ಬರು ದುಭಾಷಿಯನ್ನು ಹಿಡಿದು ನಮ್ಮ ಹಿರಿಯರನ್ನು ವಿಚಾರಿಸಿ ಬರೆದಿದ್ದರೆ, ಅದೇ ಭಾಷೆಯನ್ನಾಡುವ ಮಕ್ಕಳಾದ ನಾವು ವಿಚಾರಿಸದೆ ಸುಮ್ಮನಿರುವುದು ನ್ಯಾಯವೇ?

ಆದುದರಿಂದ ನಮ್ಮ ವಾಚಕರಲ್ಲಿ ನಮ್ಮ ವಿನಂತಿಯೇನಂದರೆ, ಬರುವ ಭಾನುವಾರ ಆರಾಧನೆಯಾದ ಮೇಲೆ ಪ್ರತಿ ಸಭೆಯಲ್ಲಿಯೂ ಓದು ಬಲ್ಲ ಒಬ್ಬ ಯೌವನಸ್ಥನು ಹಿರಿಯರೊಬ್ಬರ ಬಳಿ ಕುಳಿತು ಅವರ ಬಾಳಿನ ವೃತ್ತಾಂತವನ್ನು ಕೇಳಿ ಬರೆಯಲಿ. ಲೆಕ್ಕವನ್ನಷ್ಟೇ ಅಲ್ಲ, ಹೆಸರುಗಳನ್ನೂ ಬರೆಯಲಿ. ಕಂಡ ದುಃಖವನ್ನು ಬರೆದು ಮುಂದಿನ ಊರಿಗೆ ಹೋಗಿಬಿಡದೆ, ಆ ದುಃಖವಿರುವ ಮನೆಯ ಬಾಗಿಲಲ್ಲಿ ನಿಲ್ಲಲಿ. ಬುಕಾನನರು ಕಂಡು ಬರೆದರು. ಕಂಡು, ಬರೆದು, ನಿಲ್ಲುವುದು ನಮ್ಮ ಪಾಲಿಗೆ ಬಂದ ಕೆಲಸ. ನಮ್ಮೆಲ್ಲರ ಹೆಸರುಗಳನ್ನು ಜೀವಬಾಧ್ಯರ ಪುಸ್ತಕದಲ್ಲಿ ಬರೆಯುವ ಕರ್ತನು ಅದಕ್ಕೆ ನಮ್ಮನ್ನು ಬಲಪಡಿಸಲಿ.